ಮೈಕಕ್ಕನ ಬಲಗಿವಿ

ಆ ಬಸ್ ನಿಲ್ದಾಣದಲ್ಲಿ ಅವಳನ್ನು ನೋಡಿದವರು ಕಡಿಮೆ, ಅವಳ ಮಾತು ಕೇಳದವರು ಇಲ್ಲ. ವಿಚಾರಣೆ ಕಿಟಕಿಯ ಹಿಂದಿನ ಪುಟ್ಟ ಕೋಣೆಯಲ್ಲಿ, ಕರಕರ ಎನ್ನುವ ಟೇಬಲ್ ಫ್ಯಾನಿನ ಎದುರು ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಡ್ರೈವರುಗಳು, ಕಂಡಕ್ಟರುಗಳು, ಹಣ್ಣಿನ ಗಾಡಿಯವರು, ಎಲ್ಲರಿಗೂ ಅವಳು ಮೈಕಕ್ಕ.

ಮೈಕಕ್ಕನಿಗೆ ಆಗ ಏಳು ತಿಂಗಳು. ಆ ದಿನಗಳಲ್ಲಿ ಮನೆಯಲ್ಲಿ ಏನೇ ಆದರೂ ತಪ್ಪೆಲ್ಲ ಬಸಿರಿನದು. ಕಾಲು ಊದಿದರೆ ಬಸಿರು, ಎದೆ ಉರಿದರೆ ಬಸಿರು, ಟೀವಿಯಲ್ಲಿ ಸೋಪಿನ ಜಾಹೀರಾತು ನೋಡಿ ಕಣ್ಣೀರು ಬಂದರೂ ಬಸಿರು. ಹಾಗಾಗಿ ಒಂದು ಭಾನುವಾರ ತಲೆಗೆ ಸ್ನಾನ ಮಾಡಿ ಎದ್ದಾಗ ಬಲಗಿವಿ ಗಪ್ಪಂತ ಮುಚ್ಚಿಕೊಂಡದ್ದನ್ನೂ ಅವಳು ಬಸಿರಿನ ತಲೆಗೇ ಕಟ್ಟಿದಳು. ನೀರು ಹೋಗಿರಬೇಕು, ತಾನಾಗಿಯೇ ಬರುತ್ತದೆ ಎಂದು ಕತ್ತು ವಾಲಿಸಿ ವಾಲಿಸಿ ನೋಡಿದಳು. ಬರಲಿಲ್ಲ. ಬಚ್ಚಲ ಬಾಗಿಲು ಹಾಕಿಕೊಂಡು ಹತ್ತಿ ಸುತ್ತಿದ ಕಡ್ಡಿಯಿಂದ ತಿರುವಿದಳು. ಒಳಗೆ ಏನೋ ಮೆತ್ತಗೆ ಇನ್ನಷ್ಟು ಆಳಕ್ಕೆ ಜರುಗಿ ಕೂತಂತಾಯಿತು. ಸಂಜೆಯ ಹೊತ್ತಿಗೆ ನೋವು ಶುರುವಾಯಿತು. ದವಡೆ ಆಡಿಸಿದರೆ ನೋವು, ಆಕಳಿಸಿದರೆ ನೋವು. ತನ್ನ ದನಿಯೇ ಕೊಡದೊಳಗಿಂದ ಬಂದಂತೆ ಕೇಳುತ್ತಿತ್ತು.

ಅವಳ ಗಂಡ ಬೀಗ ರಿಪೇರಿ ಮಾಡುವವನು. ಮಾರ್ಕೆಟ್ಟಿನ ಮೂಲೆಯಲ್ಲಿ ಅವನದೊಂದು ಡಬ್ಬಾ ಅಂಗಡಿ. ಮಾತು ಕಡಿಮೆ, ತಾಳ್ಮೆ ಜಾಸ್ತಿ.

"ಸ್ವಲ್ಪ ಬೆಳಕಿಗೆ ಬಾ, ನೋಡ್ತೀನಿ" ಎಂದ.

"ನೋಡೋದು ಅಂದ್ರೆ ಬರೀ ಕಣ್ಣಲ್ಲಿ ತಾನೇ?"

ಅವನ ಕೈಯಲ್ಲಿ ಆಗಲೇ ತೆಳ್ಳನೆಯ ಕೊಕ್ಕೆಯೊಂದು ಬಂದಿತ್ತು. "ಏನೂ ಆಗಲ್ಲ ಕಣೇ. ಮೊನ್ನೆ ಒಂದು ಬೀರುವಿನ ಬೀಗದೊಳಗೆ ಮುರಿದಿದ್ದ ಕೀಲಿ ಚೂರನ್ನ ಇದರಲ್ಲೇ ಎತ್ತಿದೆ. ಬೀಗಕ್ಕೆ ಒಂದು ಗೀರು ಬೀಳಲಿಲ್ಲ."

"ಬೀಗ ಕಿರುಚಲ್ಲ. ನಾನು ಕಿರುಚ್ತೀನಿ. ಮೊದಲು ಅದನ್ನ ಜೇಬಿಗೆ ಹಾಕಿ!"

ಅವನು ಜೇಬಿಗೆ ಹಾಕಿದ. ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಬಂದರು. ಅತ್ತೆ ಬಹಳ ವರ್ಷ ಸಿನಿಮಾ ಟಾಕೀಸಿನ ಟಿಕೆಟ್ ಕೌಂಟರಿನಲ್ಲಿ ಕೂತವರು. ಗಾಜಿನ ತೂತಿನಿಂದ ಒಂದು ಸಲ ಹೇಳಿದರೆ ಮುಗಿಯಿತು, ಕೇಳಿಸದವನು ಪಕ್ಕಕ್ಕೆ ನಿಲ್ಲಬೇಕು. ಮನೆಯಲ್ಲೂ ಅದೇ ಪದ್ಧತಿ. ಅವರ ಕೈಯಲ್ಲಿದ್ದ ಸೌಟಿನಲ್ಲಿ ಬೆಳ್ಳುಳ್ಳಿ ಹಾಕಿದ ಎಣ್ಣೆ ಇನ್ನೂ ಚಟಪಟ ಅನ್ನುತ್ತಿತ್ತು.

"ತಲೆ ವಾಲಿಸು" ಎಂದರು.

ಮೈಕಕ್ಕ ಆ ಹೊಟ್ಟೆ ಹೊತ್ತುಕೊಂಡು ಅಷ್ಟು ಚುರುಕಾಗಿ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡದ್ದನ್ನು ಕಂಡು ಗಂಡನೇ ಬೆರಗಾದ. "ನಾಳೆ ಡಾಕ್ಟರ ಹತ್ರ ಹೋಗೋಣ" ಎಂದು ಬಾಗಿಲ ಹೊರಗಿನಿಂದ ಹೇಳಿದ. ಅದಕ್ಕೂ ಅವಳು ಒಪ್ಪಲಿಲ್ಲ. ಕಿವಿಗೆ ಹಾಕುವ ಔಷಧಿ ಮೆಲ್ಲಗೆ ಇಳಿದು ಮಗುವಿಗೆ ಮುಟ್ಟಿದರೆ? ಬಸಿರಾದ ಮೇಲೆ ತಲೆನೋವಿಗೂ ಒಂದು ಮಾತ್ರೆ ನುಂಗದವಳು ಅವಳು. ತಡೆದುಕೊಳ್ಳುತ್ತೇನೆ ಎಂದಳು.

ಆದರೆ ಅವಳ ಹೊಟ್ಟೆಪಾಡೇ ಕಿವಿ ಬಾಯಿಗಳದ್ದು. ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ನಿಂತ ಕಂಟ್ರೋಲರು ಫೋನಿನಲ್ಲಿ ಹೇಳಬೇಕು, ಇವಳು ಕೇಳಿ ಮೈಕಿನಲ್ಲಿ ಹೇಳಬೇಕು. ಮರುದಿನ ಅಭ್ಯಾಸಬಲದಿಂದ ಫೋನು ಬಲಗಿವಿಗೇ ಹೋಯಿತು. ಕಂಟ್ರೋಲರು "ಬಂದರಿನ ಬಸ್ಸು, ಮೂರು" ಎಂದರು. ಇವಳಿಗೆ ಕೇಳಿದ್ದು ಆರು.

ಮೈಕಕ್ಕನ ಮಾತೆಂದರೆ ಆ ನಿಲ್ದಾಣದಲ್ಲಿ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಬಂದರಿಗೆ ಹೋಗಬೇಕಾದವರೆಲ್ಲ ಗಂಟುಮೂಟೆ ಎತ್ತಿಕೊಂಡು ಆರಕ್ಕೆ ದೌಡಾಯಿಸಿದರು. ಮಡಚುವ ಮಂಚ, ಎರಡು ಟ್ರಂಕು, ಗೋಡೆ ಗಡಿಯಾರ ಸಮೇತ ಮನೆ ಬದಲಾಯಿಸುತ್ತಿದ್ದ ಒಂದು ಇಡೀ ಸಂಸಾರವೂ ಓಡಿತು. ಆರರಲ್ಲಿ ನಿಂತಿದ್ದದ್ದು ಬೆಟ್ಟದೂರಿನ ಬಸ್ಸು. ಎಲ್ಲರೂ ಅದನ್ನೇ ಹತ್ತಿ ಕೂತರು. ಮೂರರಲ್ಲಿ ಬಂದರಿನ ಬಸ್ಸಿನ ಕಂಡಕ್ಟರು ಖಾಲಿ ಸೀಟುಗಳನ್ನು ನೋಡುತ್ತ ಪಿಳಿಪಿಳಿ ಕಣ್ಣು ಬಿಡುತ್ತಿದ್ದ.

ಕಂಟ್ರೋಲರು ಏದುಸಿರು ಬಿಡುತ್ತ ಓಡಿಬಂದು ಕೋಣೆಯ ಬಾಗಿಲು ದೂಡಿದರು. "ಏನ್ರೀ ಮೈಕಕ್ಕ, ಸಮುದ್ರಕ್ಕೆ ಹೋಗೋರನ್ನೆಲ್ಲ ಬೆಟ್ಟ ಹತ್ತಿಸ್ತಾ ಇದ್ದೀರಲ್ಲ!"

ಅವಳು ಗಾಬರಿಬಿದ್ದು ಮೈಕಿನಲ್ಲಿ ತಿದ್ದಿ ಹೇಳಿದಳು. ಮಂಚದ ಸಂಸಾರ ಮಂಚದ ಸಮೇತ ಕೆಳಗಿಳಿದು, ಅವಳ ಕಿಟಕಿಯತ್ತ ಕಣ್ಣು ಕೆಕ್ಕರಿಸುತ್ತ ಮೂರಕ್ಕೆ ವಾಪಸು ಬಂತು. ಆ ಗಡಿಬಿಡಿಯಲ್ಲಿ ಮೈಕ್ ಆಫ್ ಮಾಡುವುದನ್ನು ಅವಳು ಮರೆತಳು. ಕಂಟ್ರೋಲರ ಕಡೆ ತಿರುಗಿ, ಕಿವಿ ಮುಚ್ಚಿದವರು ಮಾತಾಡುವಷ್ಟು ಜೋರಾಗಿ, ಮನಸ್ಸಿನಲ್ಲಿದ್ದದ್ದನ್ನೆಲ್ಲ ತೋಡಿಕೊಂಡಳು.

"ನಾನೇನು ಮಾಡ್ಲಿ ಸಾರ್? ಬಲಗಿವಿ ತುಂಬ ಗುಗ್ಗೆ ಕಲ್ಲಿನ ಹಾಗೆ ಕೂತ್ಬಿಟ್ಟಿದೆ! ಕಡ್ಡಿ ಹಾಕಿದ್ರೆ ಇನ್ನೂ ಒಳಗೆ ಹೋಯ್ತು! ಆ ಕಡೆ ಮಗ್ಗುಲಾದ್ರೆ ಕಿವಿ ಸಿಡಿಯುತ್ತೆ, ಈ ಕಡೆ ಮಗ್ಗುಲಾದ್ರೆ ನಮ್ಮನೆಯವರ ಗೊರಕೆ! ನಮ್ಮತ್ತೆ ನೋಡಿದ್ರೆ ಕುದಿಯೋ ಎಣ್ಣೆ ಹಿಡ್ಕೊಂಡು ಬರ್ತಾರೆ!"

ಕಂಟ್ರೋಲರು ಎರಡೂ ಕೈಯಿಂದ ಮೈಕಿನ ಕೆಂಪು ದೀಪದ ಕಡೆ ತೋರಿಸುತ್ತಿದ್ದರು. ಅವರು ಸಮಾಧಾನ ಮಾಡುತ್ತಿದ್ದಾರೆಂದು ಅವಳು ತಿಳಿದಳು. ಗುಗ್ಗೆ, ಗೊರಕೆ, ಅತ್ತೆ, ಎಣ್ಣೆ ಎಲ್ಲವೂ ಅಷ್ಟೂ ಪ್ಲಾಟ್‌ಫಾರಮ್ಮುಗಳಲ್ಲಿ, ಕ್ಯಾಂಟೀನಿನಲ್ಲಿ, ಶೌಚಾಲಯದಲ್ಲಿ ಸ್ಪಷ್ಟವಾಗಿ ಮೊಳಗಿದವು.

ಅರೆಗಳಿಗೆಯಲ್ಲಿ ವಿಚಾರಣೆ ಕಿಟಕಿಯ ಮುಂದೆ ಸಾಲು ಹತ್ತಿತು. ಬಸ್ಸಿನ ಬಗ್ಗೆ ವಿಚಾರಿಸುವವರು ಒಬ್ಬರೂ ಇರಲಿಲ್ಲ. ಹಣ್ಣಿನ ಗಾಡಿಯವಳು ಈರುಳ್ಳಿ ರಸ ಹಿಂಡಬೇಕೆಂದಳು. ಒಬ್ಬರು ಮೇಣದಬತ್ತಿಯ ಹೊಗೆ ಹಿಡಿಯಬೇಕೆಂದರು. ಹಿರಿಯ ಡ್ರೈವರೊಬ್ಬರು ಒಂಟಿಕಾಲಲ್ಲಿ ಕುಪ್ಪಳಿಸಿದರೆ ಉದುರಿಬಿಡುತ್ತದೆ ಎಂದವರು, ಅವಳು ಎದ್ದು ನಿಂತದ್ದನ್ನು ನೋಡಿ "ಬೇಡ ಬೇಡ, ಬೇರೇನಾದ್ರೂ ಉದುರೀತು" ಎಂದು ಹಿಂದೆ ಸರಿದರು. ಮಡಚುವ ಮಂಚದ ಯಜಮಾನನೂ ಸಿಟ್ಟು ಬಿಟ್ಟು ಬಂದ.

"ನಮ್ಮಮ್ಮನಿಗೂ ಹೀಗೇ ಆಗಿತ್ತಮ್ಮ."

"ಹೌದಾ? ಏನು ಮಾಡಿದ್ರಿ?"

"ಏನು ಮಾಡೋದು, ತೀರಿಕೊಂಡ್ರು." ಅವಳ ಮುಖ ಬಿಳುಚಿದ್ದನ್ನು ಕಂಡು ಅವಸರವಾಗಿ ಸೇರಿಸಿದ: "ಕಿವಿಯಿಂದ ಅಲ್ಲ, ವಯಸ್ಸಾಗಿ."

ಕಂಟ್ರೋಲರು ಕಿಟಕಿ ಮುಚ್ಚಿದರು. "ಈಗಲೇ ಡಾಕ್ಟರ ಹತ್ರ ಹೋಗಿ. ಮೈಕ್ ನಾನು ನೋಡ್ಕೋತೀನಿ. ನಿಮ್ಮ ಯಜಮಾನರಿಗೆ ಫೋನ್ ಮಾಡಲೇ, ಅಥವಾ ಅವರಿಗೂ ಕೇಳಿಸಿರುತ್ತಾ?"

ಗಂಡನ ಜೊತೆ ಅವಳು ಹೋದಾಗ ಕಿವಿ, ಮೂಗು, ಗಂಟಲಿನ ಡಾಕ್ಟರ ಹೊರಕೋಣೆ ಕಿಕ್ಕಿರಿದಿತ್ತು. ಬೆಂಚಿನ ತುಂಬ ಕಿವಿ ಕೇಳದವರು. ಅವರನ್ನು ಕರೆಯಲು ಕೂತಿದ್ದ ಹುಡುಗಿಯದು ಸೊಳ್ಳೆಗೂ ಕೇಳದಷ್ಟು ಸಣ್ಣ ದನಿ, ಸಾಲದ್ದಕ್ಕೆ ಬಾಯಿಗೆ ಮಾಸ್ಕು. ಅವಳು "ಒಂಬತ್ತು" ಎಂದರೆ ಯಾರೂ ಏಳುತ್ತಿರಲಿಲ್ಲ. ಇನ್ನೊಮ್ಮೆ ಎಂದರೆ ಮೂವರು ಒಟ್ಟಿಗೆ ಏಳುತ್ತಿದ್ದರು. ಒಬ್ಬ ಅಜ್ಜ ಪ್ರತಿ ನಂಬರಿಗೂ ಎದ್ದು, ಒಳಗೆ ಹೋಗಿ, ವಾಪಸು ಬರುತ್ತಿದ್ದರು. ಮೈಕಕ್ಕ ತುಸು ಹೊತ್ತು ಸಹಿಸಿದಳು. ಇಷ್ಟು ಜನ ಪ್ರಯಾಣಿಕರು ಹೀಗೆ ದಿಕ್ಕು ತೋಚದೆ ನಿಂತದ್ದನ್ನು ನೋಡಿ ಸುಮ್ಮನಿರುವುದು ಅವಳಿಂದಾಗಲಿಲ್ಲ. ಗಂಡ ಸೆರಗು ಹಿಡಿದು ಜಗ್ಗಿದರೂ ಎದ್ದು ನಿಂತಳು.

"ದಯವಿಟ್ಟು ಗಮನಿಸಿ! ಒಂಬತ್ತನೇ ನಂಬರಿನವರು ಒಳಗೆ ಹೋಗತಕ್ಕದ್ದು! ಹತ್ತನೇ ನಂಬರಿನವರು ಬಾಗಿಲ ಬಳಿ ಸಿದ್ಧರಾಗಿರಿ! ಅಜ್ಜಾ, ನಿಮ್ಮದು ಹದಿನಾಲ್ಕು, ಕೂತ್ಕೊಳ್ಳಿ!"

ಬೆಂಚಿಗೆ ಬೆಂಚೇ ನೆಟ್ಟಗಾಯಿತು. ಒಳಗಿನಿಂದ ಡಾಕ್ಟರಮ್ಮ ತಲೆ ಹೊರಹಾಕಿ, "ಯಾರದು?" ಎಂದರು. ಆ ಮೇಲೆ ಸಾಲು ಸರಸರ ಕರಗಿತು.

ಡಾಕ್ಟರಮ್ಮ ಸಣ್ಣ ದೀಪದ ಕೊಳವೆ ಹಿಡಿದು ಒಳಗೆ ಇಣುಕಿದರು. "ಕಡ್ಡಿ ಹಾಕಿದ್ರಾ?"

"ಒಂದೇ ಸಲ ಮೇಡಂ."

ಅವರು ಇನ್ನೊಮ್ಮೆ ಇಣುಕಿದರು. "ಒಂದೇ ಸಲಕ್ಕೆ ಇಷ್ಟು ಗೀರಾಗಲ್ಲ. ಆಮೇಲೆ, ಆ ಕಡ್ಡಿಯ ಹತ್ತಿ ಎಲ್ಲಿ ಹೋಯ್ತು ಅಂತ ನೋಡಿದ್ರಾ?"

ಮೈಕಕ್ಕನ ಕೈ ತಾನಾಗಿಯೇ ಕಿವಿಗೆ ಹೋಯಿತು.

"ಒಳಗೇ ಇದೆ. ಗುಗ್ಗೆ ಆಳದಲ್ಲಿ, ಅದರ ಮೇಲೆ ಹತ್ತಿ. ಚೆನ್ನಾಗಿ ಬಿರಡೆ ಹಾಕಿದ್ದೀರಿ."

ಗಂಡ ಕೆಮ್ಮಿದಂತೆ ಮಾಡಿ ನಗು ನುಂಗಿದ. ಡಾಕ್ಟರಮ್ಮ ಮೊದಲು ಚಿಕ್ಕ ಚಿಮಟದಿಂದ ಹತ್ತಿಯನ್ನು ಎತ್ತಿದರು. ಗುಗ್ಗೆ ಮಾತ್ರ ಒಣಗಿ ಅಂಟಿತ್ತು. ಕೆಲವು ದಿನ ತೊಟ್ಟು ಔಷಧಿ ಬಿಟ್ಟು ಮೆತ್ತಗೆ ಮಾಡಿ, ಆಮೇಲೆ ತೆಗೆಯಬೇಕು ಎಂದರು. ಮೈಕಕ್ಕ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು, "ಇದು ಕೆಳಗಿಳಿದು ಮಗುಗೆ..."

"ಕಿವಿಯಿಂದ ಮಗು ಹತ್ರ ಹೋಗೋಕೆ ದಾರಿ ಇಲ್ಲಮ್ಮ. ನಿಮ್ಮ ಸ್ಥಿತಿ ನೋಡಿಯೇ ಕೊಟ್ಟಿದ್ದೀನಿ, ಧೈರ್ಯವಾಗಿ ಹಾಕ್ಕೊಳ್ಳಿ. ಮೊದಮೊದಲು ಇನ್ನೂ ಮುಚ್ಚಿಕೊಂಡ ಹಾಗಾಗುತ್ತೆ, ಹೆದರಬೇಡಿ. ಕಾದ ಎಣ್ಣೆ, ಹೊಗೆ, ಕಡ್ಡಿ, ಕೀಲಿ ಏನೂ ಬೇಡ." ಕೀಲಿ ಎಂದಾಗ ಅವರು ಯಾಕೋ ಗಂಡನ ಜೇಬಿನತ್ತ ನೋಡಿದರು. ಕೊಕ್ಕೆ ಅರ್ಧ ಹೊರಗೆ ಇಣುಕುತ್ತಿತ್ತು.

ಹೇಳಿದಂತೆಯೇ ಆಯಿತು. ಔಷಧಿ ಬಿದ್ದು ಗುಗ್ಗೆ ಉಬ್ಬಿ, ಬಲಗಿವಿ ಪೂರ್ತಿ ಬಂದ್. ಬಿಟ್ಟ ಔಷಧಿ ಇಳಿಯಲೆಂದು ಅವಳು ಎಡಮಗ್ಗುಲಾಗಿ ಮಲಗುತ್ತಿದ್ದಳು. ಆಗ ಕೇಳುವ ಒಂದು ಕಿವಿಯೂ ದಿಂಬಿನಲ್ಲಿ ಹೂತುಹೋಗುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಅತ್ತೆ ಬಂದು ಮಂಚದ ಅಂಚಿಗೆ ಕೂತು ಏನೋ ಹೇಳುತ್ತಿದ್ದರು. ತುಟಿ ಆಡುವುದು ಕಾಣುತ್ತಿತ್ತು. ಏನೆಂದು ಕೇಳಿದರೆ ಅತ್ತೆ ಎರಡನೇ ಸಲ ಹೇಳುವವರಲ್ಲ. ತಲೆ ಎತ್ತಿದರೆ ಔಷಧಿ ಚೆಲ್ಲುತ್ತದೆ. ಮೈಕಕ್ಕ ಮುಗುಳ್ನಕ್ಕು "ಹೂಂ ಅತ್ತೆ" ಎನ್ನುತ್ತಿದ್ದಳು. ಅತ್ತೆ ಅವಳ ತಲೆ ಸವರಿ ಎದ್ದು ಹೋಗುತ್ತಿದ್ದರು. ಅತ್ತೆ ಎಷ್ಟು ಒಳ್ಳೆಯವರು ಎಂದು ಅವಳಿಗೆ ಆ ವಾರ ಬಹಳ ಸಲ ಅನ್ನಿಸಿತು.

ಮತ್ತೆ ಹೋದಾಗ ಡಾಕ್ಟರಮ್ಮ ಸಪೂರ ಕೊಳವೆಯೊಂದನ್ನು ಕಿವಿಗೆ ಹಿಡಿದು ಯಂತ್ರ ಚಾಲೂ ಮಾಡಿದರು. ಲಡಾಸು ಬಸ್ಸೊಂದು ತಲೆಯೊಳಗೇ ಬ್ರೇಕು ಹಾಕಿದಂಥ ಸದ್ದು. ಮಗು ಒಳಗಿಂದ ಫಟಾರನೆ ಒದೆಯಿತು. ಮೈಕಕ್ಕ ಗಂಡನ ಕೈ ಹಿಡಿದು ಎಷ್ಟು ಹಿಸುಕಿದಳೆಂದರೆ, ಕೂಗಿದವನು ಅವನು. ಚಳಕ್ಕೆಂದು ಏನೋ ಕಿತ್ತು ಬಂದಂತಾಯಿತು. ತಟ್ಟೆಯಲ್ಲಿ ಬಿದ್ದದ್ದು ಹುಣಿಸೆ ಬೀಜದಂಥ ಕರಿ ಉಂಡೆ.

"ಮೇಡಂ, ಒಂದು ಸಲ ತೋರಿಸ್ತೀರಾ?" ಎಂದು ಗಂಡ ಬಗ್ಗಿ ನೋಡಿ, ಕಸುಬಿನವನ ಗೌರವದಿಂದ "ಭೇಷ್" ಎಂದ.

ಮೈಕಕ್ಕ ಮಾತ್ರ ಬೆಪ್ಪಾಗಿ ಕೂತಿದ್ದಳು. ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನಿನ ಸರಸರ ಕೇಳುತ್ತಿತ್ತು. ಹೊರಗೆ ಅಜ್ಜ ಯಾರದೋ ನಂಬರಿಗೆ ಎದ್ದ ಸದ್ದೂ ಕೇಳುತ್ತಿತ್ತು. ನೋವು ಹೋಗಿತ್ತು. ಅವಳಿಗೆ ಅಳು ಬಂತು. ಅದು ಬಸಿರಿನಿಂದಲೋ ಕಿವಿಯಿಂದಲೋ ಎಂದು ಗಂಡ ಕೇಳಲಿಲ್ಲ.

ಮನೆಗೆ ಬಂದರೆ ನಡುಮನೆಯಲ್ಲಿ ಮೂರು ಬ್ಯಾಗು, ಒಂದು ಹೊಲಿಗೆ ಯಂತ್ರ, ಒಂದು ಗಿಳಿ ಪಂಜರ. ಅವುಗಳ ನಡುವೆ ಅತ್ತೆಯ ಅಕ್ಕ ಕೂತು ಕಾಲು ಒತ್ತಿಕೊಳ್ಳುತ್ತಿದ್ದರು. ಇಡೀ ನೆಂಟರ ಬಳಗದಲ್ಲಿ ಅವರಷ್ಟು ಮಾತಾಡುವವರು ಇನ್ನೊಬ್ಬರಿಲ್ಲ.

"ಬಾಮ್ಮ ಬಾ" ಎಂದರು ದೊಡ್ಡತ್ತೆ. "ನೀನು ಕಣ್ಣೀರಿಟ್ಟು ಕರೆದೆ ಅಂದ್ಲು ನಿಮ್ಮತ್ತೆ. ಬಾಣಂತನ ಮುಗಿಸಿ, ಮಗು ನಡೆಯೋ ತನಕ ಇರಲೇಬೇಕು ಅಂತ ಹಟ ಹಿಡಿದಿದ್ದೀಯಂತೆ."

ಮೈಕಕ್ಕ ಅತ್ತೆಯ ಬೆನ್ನಟ್ಟಿ ಅಡುಗೆಮನೆಗೆ ಹೋದಳು. "ಅತ್ತೆ, ನಾನು ಯಾವಾಗ ಹೇಳಿದೆ?"

"ಮಂಗಳವಾರ ಕೇಳಿದೆ, ಹೂಂ ಅಂದೆ. ಗಿಳಿ ತರಲಾ ಅಂತ ಗುರುವಾರ ಕೇಳಿದೆ, ನಕ್ಕೊಂಡು ಹೂಂ ಅಂದೆ."

"ನನಗೆ ಒಂದಕ್ಷರ ಕೇಳಿಸಿರಲಿಲ್ಲ ಅತ್ತೆ!"

"ಗೊತ್ತು" ಎಂದರು ಅತ್ತೆ, ಹಾಲಿನ ಪಾತ್ರೆ ಒಲೆಗಿಡುತ್ತ. "ಕೇಳಿಸ್ತಿದ್ರೆ ನೀನು ಹೂಂ ಅಂತಿದ್ಯಾ? ಅದಕ್ಕೇ ಆವಾಗ ಕೇಳಿದ್ದು."

ಮೈಕಕ್ಕನಿಗೆ ತಡೆಯಲಾರದ ನಗು ಬಂತು. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ ನಕ್ಕಳು. ಅತ್ತೆಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಗು ಇಳಿದ ಮೇಲೆ ಸಣ್ಣಗೆ ಹೇಳಿದರು: "ನನಗೂ ಹೆದರಿಕೆ ಕಣೇ. ನಾನು ಹೆತ್ತದ್ದು ಒಂದೇ, ಅದೂ ಎಷ್ಟೋ ವರ್ಷದ ಹಿಂದೆ. ಎಲ್ಲ ಮರೆತುಹೋಗಿದೆ. ಅವಳು ಐದು ಹೆತ್ತವಳು." ಯಾರೂ ಕೇಳದೆಯೇ ಅತ್ತೆ ಇಷ್ಟೊಂದು ಮಾತಾಡಿದ್ದು ಅದೇ ಮೊದಲು.

ದೊಡ್ಡತ್ತೆ ಉಳಿದರು. ಮಗು ನಡೆಯುವ ತನಕವೇನಲ್ಲ. ಮನೆಯ ಮೆಟ್ಟಿಲು ಹತ್ತಿಯೇ ಮಂಡಿ ಹೋಯಿತೆಂದು ಅವರೇ ಗೊಣಗಿ, ಮಗುವಿಗೆ ಕತ್ತು ನಿಂತ ಮೇಲೆ ಹೊರಡುವುದೆಂದು ಮಾತಾಯಿತು. ಗಿಳಿಯ ಪಂಜರದ ಚಿಲಕ ಸಡಿಲವಾಗಿತ್ತು. ಗಂಡ ಅದನ್ನು ಬಿಚ್ಚಿ ಸರಿಮಾಡಲು ಕೂತ. ಮೈಕಕ್ಕನ ಊದಿದ ಕಾಲುಗಳನ್ನು ದೊಡ್ಡತ್ತೆ ಮಡಿಲಿಗೆ ಎಳೆದುಕೊಂಡು ನೀವುತ್ತ, ತಮ್ಮ ಮೊದಲ ಹೆರಿಗೆಯ ಕಥೆ ಶುರುಮಾಡಿದರು. ಬಹಳ ದಿನಗಳ ಮೇಲೆ ಮೈಕಕ್ಕ ಬಲಮಗ್ಗುಲಾಗಿ ಮಲಗಿ ಕೇಳತೊಡಗಿದಳು. ಕಥೆಯಲ್ಲಿ ಸೂಲಗಿತ್ತಿ ಮನೆ ತಲುಪುವ ಮೊದಲೇ ಮೈಕಕ್ಕನಿಗೆ ನಿದ್ದೆ ಹತ್ತಿತ್ತು. ದೊಡ್ಡತ್ತೆ ಅದನ್ನು ಗಮನಿಸಲಿಲ್ಲ. ಆಗಲೇ ತಮ್ಮ ಎರಡನೇ ಹೆರಿಗೆಯ ಕಥೆಗೆ ಬಂದಿದ್ದರು.