ಓರ್ವಿಲ್ ಹೌಗನ್ ಒಡೆದ ಸಂಖ್ಯೆ

ಮಿನೆಸೋಟಾದ ಡುಲೂತ್‌ನಲ್ಲಿ ಶಾಲಾ ಬಸ್ಸು ಓಡಿಸಿ ನಿವೃತ್ತನಾದ ಓರ್ವಿಲ್ ಹೌಗನ್‌ಗೆ ಒಂದೇ ಚಟ: ಯಾರಿಗೂ ಒಡೆಯದ ಸಂಖ್ಯೆಯನ್ನು ಒಡೆಯುವುದು. ಅವನದು ಇನ್ನೂರು ಅಂಕಿಗಳ ದೈತ್ಯ. ಅದು ಅವಿಭಾಜ್ಯವಲ್ಲ, ಬೇರೆ ಸಂಖ್ಯೆಗಳ ಗುಣಲಬ್ಧವೇ ಎಂದು ಕಂಪ್ಯೂಟರಿನ ಪರೀಕ್ಷೆ ಎಂದೋ ಹೇಳಿತ್ತು. ಯಾವ ಸಂಖ್ಯೆಗಳೆಂದು ಮಾತ್ರ ಬಾಯಿ ಬಿಟ್ಟಿರಲಿಲ್ಲ. ಮಗುವಿಗೆ ಅಪ್ಪ-ಅಮ್ಮ ಇದ್ದಾರೆಂದು ಖಾತ್ರಿ ಕೊಟ್ಟು, ವಿಳಾಸ ಕೊಡದ ಹಾಗೆ.

ಇಂಥ ಗೀಳಿನವರದೇ ಒಂದು ಗುಂಪಿದೆ. ‘ಈ ಸಂಖ್ಯೆ ನನ್ನದು’ ಎಂದು ಒಬ್ಬ ಹೇಳಿದರೆ ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ, ಮಿಕ್ಕವರು ಮುಟ್ಟುವುದಿಲ್ಲ. ಓರ್ವಿಲ್‌ಗಿಂತ ಮೊದಲು ಅದಕ್ಕೆ ಟವೆಲ್ ಹಾಕಿದ್ದವನು ಅವನ ಗೆಳೆಯ, ಕೊಳಾಯಿ ರಿಪೇರಿಯ ಡೆಲ್ಮರ್ ಕೋಸ್ಕಿ. ಅದನ್ನು ಭಾಗಿಸುವ ಎರಡು ಸಂಖ್ಯೆಗಳನ್ನು, ಎರಡು ಚೂರು, ಕಿತ್ತು, ಸುಸ್ತಾಗಿ ಬಿಟ್ಟಿದ್ದ. ಅವುಗಳಿಂದ ಭಾಗಿಸಿ ಉಳಿದ ದಿಂಡು ಜಪ್ಪಯ್ಯ ಎಂದರೂ ಬಗ್ಗಿರಲಿಲ್ಲ.

ಸಂಖ್ಯೆಯನ್ನು ಅರೆಯುವ ಕಂಪ್ಯೂಟರುಗಳು ಹೆಂಡತಿ ಆರ್ಡಿಸಳ ಹೊಲಿಗೆ ಕೋಣೆಯಲ್ಲಿ, ಅವಳ ವಯಲೆಟ್ ಹೂವಿನ ಕುಂಡಗಳ ಪಕ್ಕದಲ್ಲೇ, ಹಗಲಿರುಳು ಬಿಸಿಯುಸಿರು ಬಿಡುತ್ತಿದ್ದವು.

“ಈಸ್ಟರ್ ಹಬ್ಬಕ್ಕೆ ನಮ್ಮಕ್ಕ ಬರ್ತಾಳೆ, ಈ ಕೋಣೇಲೇ ಮಲಗ್ಬೇಕು. ಅಷ್ಟರೊಳಗೆ ಒಡೀದಿದ್ರೆ ಇವೆಲ್ಲ ಗುಜರಿಗೆ,” ಎಂದಳು ಆರ್ಡಿಸ್.

ಹಿಮಗಾಳಿಗೆ ಕರೆಂಟು ಹೋಯಿತು. ಬಂದಮೇಲೆ ಓರ್ವಿಲ್ ಸಂಖ್ಯೆಯನ್ನು ಹೊಸದಾಗಿ ತುಂಬಿದ. ಮರುದಿನವೇ ಯಂತ್ರ ಕೀಂಯ್ ಎಂದಿತು. ನಲವತ್ತು ಅಂಕಿಗಳ ಅಪವರ್ತನ! ಓರ್ವಿಲ್ ಹಿಮದಲ್ಲಿ ಚಪ್ಪಲಿಗಾಲಲ್ಲೇ ಮನೆಯ ಸುತ್ತ ಓಡಿದ.

ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಯ ಹೊತ್ತಿಗೆ ಎಲ್ಲರಿಗೂ ಡೋನಟ್ ಹಂಚಿ, ಆ ಅಪವರ್ತನವನ್ನು ಅಂಕಿ ಅಂಕಿಯಾಗಿ ಓದಿದ. ಮುಗಿಯಿತೆಂದುಕೊಂಡು ಜನ ನಡುನಡುವೆ ಚಪ್ಪಾಳೆ ತಟ್ಟಿದರು. ಪಾದ್ರಿಗಳು ಎರಡು ಸಲ “ಆಮೆನ್” ಅಂದರು.

ಡೆಲ್ಮರ್ ಡೋನಟ್ ಅಗಿಯುವುದನ್ನು ನಿಲ್ಲಿಸಿದ. “ಲೋ ಓರ್ವಿಲ್, ಕರೆಂಟು ಬಂದಮೇಲೆ ಯಂತ್ರಕ್ಕೆ ಏನು ಕೊಟ್ಟೆ? ಉಳಿದ ದಿಂಡೋ, ಇಡೀ ಸಂಖ್ಯೆನೋ?”

“ಇಡೀ... ಅಯ್ಯಯ್ಯೋ.”

ಡೆಲ್ಮರ್ ಫೋನಿನಲ್ಲಿ ಲೆಕ್ಕ ಒತ್ತಿ ನೋಡಿದ. ನಗೆ ತಡೆಯಲಾಗದೆ ಮೇಜು ಬಡಿದ. “ಇದು ನಾನು ಕಿತ್ತ ಎರಡು ಚೂರನ್ನ ಗುಣಿಸಿದ್ದು ಕಣೋ! ನಮ್ಮನೆ ಕುರ್ಚಿ, ಮೇಜು ಎರಡನ್ನೂ ಹಗ್ಗದಲ್ಲಿ ಕಟ್ಟಿ ತಂದು ‘ಹೊಸ ಸೋಫಾ’ ಅಂತೀಯಲ್ಲ!”

ಇಡೀ ನೆಲಮಾಳಿಗೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಓರ್ವಿಲ್ಲೇ, ಕಾಫಿ ಮೂಗಿಗೇರಿತು. ನಗು ಇಳಿದಾಗ ಈಸ್ಟರ್ ನೆನಪಾಯಿತು.

ಹಬ್ಬದ ಹಿಂದಿನ ದಿನ ಓರ್ವಿಲ್ ಕೋಣೆಗೆ ಹೋಗಿ, ಸತ್ತವರ ಮನೆಗೆ ಹೋದವನಂತೆ ಟೋಪಿ ತೆಗೆದು, ತಂತಿ ಕೀಳಲು ಬಗ್ಗಿದ.

“ಮುಟ್ಟು ನೋಡೋಣ!” ಬಾಗಿಲಲ್ಲಿ ಆರ್ಡಿಸ್, ಕೈಯಲ್ಲಿ ನೀರಿನ ಹೂಜಿ.

“ಮಾತು ಮಾತೇ ಅಲ್ವೇ ಆರ್ಡಿಸ್? ಒಡೀಲಿಲ್ಲ.”

“ಕಿಟಕಿ ಕಡೆ ನೋಡು.”

ಕುಂಡಗಳ ತುಂಬ ಮೊಗ್ಗು. ಇಷ್ಟು ವರ್ಷ ಬಾಡಿ ಬಾಡಿ ಸಾಯುತ್ತಿದ್ದ ಗಿಡಗಳು ಯಂತ್ರದ ಬಿಸಿಗೆ ಸೊಕ್ಕಿ ಬೆಳೆದಿದ್ದವು.

“ಮೇ ತಿಂಗಳಲ್ಲಿ ಹೂವಿನ ಪ್ರದರ್ಶನ. ಅಕ್ಕ ಹಾಲ್‌ನಲ್ಲಿ ಮಲಗ್ತಾಳೆ. ಅಲ್ಲ, ಆ ಸಂಖ್ಯೆ ಒಡೆದುಬಿಟ್ರೆ ಈ ಯಂತ್ರಗಳನ್ನೆಲ್ಲ ಆರಿಸ್ತೀಯಾ?”

“ಕೆಲಸ ಮುಗೀತಲ್ಲ, ಆರಿಸ್ತೀನಿ.”

“ಹಾಗಾದ್ರೆ ಮೇವರೆಗೆ ಅದನ್ನ ಒಡೀಕೂಡ್ದು. ಆಣೆ ಮಾಡು.”

ಓರ್ವಿಲ್ ಎದೆ ಮುಟ್ಟಿಕೊಂಡು, ಯಾವ ಅಳುಕೂ ಇಲ್ಲದೆ, ಆಣೆ ಮಾಡಿದ.