ಬೀಗರು ಕೂತರೆ ನಡುಗುವ ಕಾರು

ಮಾನ್ವಿಯ ನನ್ನ ಗ್ಯಾರೇಜಿಗೆ ದೇವದುರ್ಗದ ಸಾಹುಕಾರರೊಬ್ಬರು ಕಾರು ತಂದರು. "ಎಕ್ಸಿಲೇಟರ್ ಒತ್ತಿದ್ರ ಗಡಗಡ ನಡಗತದ ನೋಡ್ರಿ. ನಾಳೆ ಹೊಸ ಬೀಗರನ್ನ ಕರಕೊಂಡು ಬರಬೇಕು, ಮಾನ ಉಳಸ್ರಿ," ಅಂದರು.

ಒಬ್ಬನೇ ಓಡಿಸಿ ನೋಡಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಯಿತು. ಪ್ಲಗ್ ಬಿಚ್ಚಿದೆ, ಇಂಜಿನ್ ಕೂರುವ ರಬ್ಬರ್ ನೋಡಿದೆ. ಎಲ್ಲ ಸರಿಯಿತ್ತು. "ಯಾವಾಗ ನಡಗತದ್ರೀ?" ಎಂದು ರೇಗಿದೆ.

"ಮಂದಿ ತುಂಬಿದಾಗ್ರೀ."

ಮೊದಲೇ ಹೇಳಬಾರದೇ ಪುಣ್ಯಾತ್ಮ! ಈಗ ಮಂದಿಯನ್ನು ಎಲ್ಲಿಂದ ತರಲಿ? ಸಾಹುಕಾರರನ್ನೂ ಕೂರಿಸಿಕೊಂಡು ಮಲ್ಲಟದ ದಾರಿಯ ಬಸ್ ಸ್ಟಾಪಿಗೆ ಹೋದೆ. "ಬರ್ರಿ, ಪುಕ್ಕಟೆ ಬಿಡತೀನಿ," ಅಂದದ್ದೇ ತಡ, ಹಿಂದೆ ನಾಲ್ವರು ಜೋಳದ ಚೀಲದ ಸಮೇತ ತುಂಬಿಕೊಂಡರು. ಅವರಲ್ಲೊಬ್ಬ ಮುದುಕಿಯ ಕೋಳಿ ಸಾಹುಕಾರರ ತೊಡೆಗೆ ಬಂತು.

ಎಕ್ಸಿಲೇಟರ್ ಒತ್ತಿದೆ. ಏನೂ ಇಲ್ಲ. "ಯಪ್ಪಾ, ಇನ್ನೊಂಚೂರು ಜೋರ್ ಒತ್ತು," ಅಂದಳು ಮುದುಕಿ. ಒತ್ತಿದೆ. ಕಾರು ಗಡಗಡ ನಡುಗಿತು, ಕೋಳಿ ಕಿರುಚಿತು. "ನಡಗಾಕತ್ತದ!" ಎಂದು ನಾನು ಕುಣಿದರೆ ಹಿಂದಿನವರೆಲ್ಲ ಚಪ್ಪಾಳೆ ಹೊಡೆದರು.

ಚಕ್ರ ತಿರುಗಿಸುವ ಆಕ್ಸಲಿನ ಒಳಗಿನ ಜಾಯಿಂಟ್ ಸವೆದಿತ್ತು. ಭಾರ ಬಿದ್ದಾಗ ಮಾತ್ರ ಅದರ ಬಣ್ಣ ಬಯಲಾಗುತ್ತಿತ್ತು. ಸಂಜೆಯೊಳಗೆ ಹೊಸದು ಹಾಕಿ, ಅದೇ ಸ್ಟಾಪಿನ ಮಂದಿಯನ್ನು ಮತ್ತೆ ತುಂಬಿಕೊಂಡು ಓಡಿಸಿದೆ. ಕಾರು ಕಮಕ್ ಕಿಮಕ್ ಅನ್ನಲಿಲ್ಲ.

ಸಾಹುಕಾರರ ಬೀಗರು ಸುಖವಾಗಿ ಬಂದರಂತೆ. ಫಜೀತಿ ಆದದ್ದು ನನಗೆ. ಯಾವ ಕಾರಿನಲ್ಲಿ ಆ ಕಡೆ ಹೋದರೂ ಸ್ಟಾಪಿನ ಮಂದಿ ಚೀಲ ಎತ್ತಿಕೊಂಡು ಏಳುತ್ತಾರೆ: "ಇವತ್ತ ಯಾರ ಗಾಡಿ ಕೆಟ್ಟದರೀ?"

ಮೊನ್ನೆ ಹೆಂಡತಿಯ ಜೊತೆ ನಮ್ಮದೇ ಕಾರಿನಲ್ಲಿ ಹೊರಟಿದ್ದೆ. ಸ್ಟಾಪಿನ ಹತ್ತಿರ ಕಾರು ನಿಲ್ಲಿಸಬೇಕಾಯಿತು. ಆ ಮುದುಕಿ ಬಾಗಿಲು ತೆಗೆದು ಹತ್ತಿದಳು, ಕೋಳಿಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಅಪ್ಪಣೆ ಮಾಡಿದಳು: "ಹೂಂ, ಒತ್ತು ಯಪ್ಪಾ."