ಎರಡು ಗೆರೆಗಳ ನಡುವಿನ ಸೂಜಿ

ನನಗಾಗ ನಲವತ್ತೊಂದು. ಅದಕ್ಕೆ ಇಪ್ಪತ್ತೈದು ವರ್ಷವಾಯಿತು. ಮೊನ್ನೆ ಮಿರಜದ ದವಾಖಾನೆಯಲ್ಲಿ ಇಂಜೆಕ್ಷನ್ ಕೊಡುವ ಮೊದಲು ನರ್ಸು ತೋಳಿಗೆ ಸ್ಪಿರಿಟ್ ಒರೆಸಿದಳು. ಆ ವಾಸನೆಗೆ, ಆಗ ನಾನು ಸಂಬಳಕ್ಕೆ ನೋಡಿಕೊಳ್ಳುತ್ತಿದ್ದ ಕಾಕಾ ನೆನಪಾದರು. ಬೆನ್ನಿಗೆ ಹುಣ್ಣಾಗದಂತೆ ಅವರಿಗೆ ದಿನಾ ಎರಡು ಸಲ ಸ್ಪಿರಿಟ್ ಹಚ್ಚುತ್ತಿದ್ದವಳು ನಾನು...

ಕಾಕಾ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವರು. ಏಣಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಸಾಂಗಲಿಯಲ್ಲಿ ತಮ್ಮನ ಮನೆಯ ಹಿಂದಿನ ಕೋಣೆ ಅವರದು. ತಮ್ಮನೂ ಅವನ ಹೆಂಡತಿಯೂ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕುತ್ತಿದ್ದರು. ಹಿಂದೊಮ್ಮೆ ಕಾಕಾ ಗಾಲಿಕುರ್ಚಿ ತಳ್ಳಿಕೊಂಡು ಒಬ್ಬರೇ ರಸ್ತೆಗೆ ಹೋಗಿದ್ದರಂತೆ, ಅದಕ್ಕೆ. ಹತ್ತರಿಂದ ನಾಲ್ಕರವರೆಗೆ ಅವರ ಜೊತೆ ನಾನೂ ಒಳಗೆ. ಕಿಟಕಿಯೆದುರು ಪಕ್ಕದ ಮನೆಯ ಗೋಡೆ. ಬಸ್ಸಿನ ಸದ್ದು ಕೇಳುತ್ತಿತ್ತು, ಬಸ್ಸು ಕಾಣುತ್ತಿರಲಿಲ್ಲ.

ಕಾಕಾನ ತಮ್ಮ ತಾನು ಕೆಲಸ ಮಾಡುವ ಬ್ಯಾಂಕಿನ ಹಳೆಯ ಕಂಪ್ಯೂಟರ್ ತಂದುಕೊಟ್ಟಿದ್ದ. ಅದರಲ್ಲಿ ಹಳೇ ಕಾಲದ ಯುದ್ಧವಿಮಾನ ಹಾರಿಸುವ ಆಟ. ವಿಮಾನಕ್ಕೆ ಒಂದರ ಮೇಲೊಂದು ಎರಡು ರೆಕ್ಕೆ. ಎದುರಿಗೆ ಗುಡ್ಡ. ಕಾಕಾನ ವಿಮಾನ ದಿನಾ ಹೋಗಿ ಅದಕ್ಕೇ ಬಡಿಯುತ್ತಿತ್ತು. ಮೂತಿ ಬಹಳ ಎತ್ತಿದರೆ ವೇಗ ಸತ್ತು ಕೆಳಗೆ ಬೀಳುತ್ತಿತ್ತು. ಎತ್ತದಿದ್ದರೆ ನೆಟ್ಟಗೆ ಗುಡ್ಡಕ್ಕೆ. ನಡುವೆ ಎಲ್ಲೋ ಒಂದು ವೇಗಕ್ಕೆ ಅದು ಎಲ್ಲಕ್ಕಿಂತ ಬೇಗ ಏರುತ್ತದೆ, ಅದನ್ನು ಹುಡುಕಬೇಕು ಅಂತ ಕಾಕಾನ ಹಟ.

"ಈ ಗುಡ್ಡಾ ದಾಟಿಸೇ ಸಾಯಾಂವ ನಾ," ಎನ್ನುತ್ತಿದ್ದರು.

ಕಣ್ಣಿಗೆ ಪೊರೆ ಬಂದು ಅವರಿಗೆ ವೇಗದ ದಪ್ಪ ಅಂಕಿ ಕಂಡರೂ, ಪರದೆಯ ಮೂಲೆಯಲ್ಲಿ ಎತ್ತರ ತೋರಿಸುವ ಸಣ್ಣ ಸೂಜಿ ಕಾಣುತ್ತಿರಲಿಲ್ಲ. ನನಗೆ ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಬರುತ್ತಿತ್ತು. ದಿನಾ ಮುಂಜಾನೆ ಹಾಲಿನ ಸೊಸೈಟಿಯಲ್ಲಿ ಗೆರೆ ಹಾಕಿದ ಗಾಜಿನ ನಳಿಗೆ ಹಿಡಿದು ಹಾಲಿನ ಫ್ಯಾಟ್, ಅಂದರೆ ಜಿಡ್ಡಿನ ಅಳತೆ, ಓದುವ ಕೆಲಸ ನನ್ನದು. ಕಾಕಾ ಒಂದೇ ವೇಗ ಹಿಡಿದು ವಿಮಾನ ಏರಿಸುವರು. ನಾನು ಗಡಿಯಾರದಲ್ಲಿ ಒಂದು ನಿಮಿಷ ನೋಡಿ ಎತ್ತರ ಓದಿ, ಕಪಾಟಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುವೆ. ಮೂರು ತಿಂಗಳು ಇದೇ. ವೇಗ ಅರವತ್ತು, ಅರವತ್ತೈದು, ಎಪ್ಪತ್ತು... ಮೂರಕ್ಕೂ ಎತ್ತರ ಒಂದೇ ಬರುತ್ತಿತ್ತು.

ಕಾಕಾ ನನ್ನನ್ನು ಕರೆಯುತ್ತಿದ್ದುದು ಬಾಯಿ ಎಂದು. ಒಂದು ದಿನ ಕೇಳಿದರು: "ಬಾಯಿ, ಸೂಜಿ ಎರಡ ಗೆರಿ ನಡುವ ನಿಂತ್ರ ಏನ ಓದ್ತಿ?"

"ಕೆಳಗಿಂದ ಓದ್ತೀನ್ರಿ."

"ಯಾಕ?"

"ಡೇರಿಯಾಗ ಹಂಗರಿ ರೂಢಿ. ಮ್ಯಾಲಿಂದ ಓದಿದ್ರ ರೈತರಿಗೆ ರೊಕ್ಕ ಜಾಸ್ತಿ ಕೊಡಬೇಕಾಗ್ತೈತಂತ ಸೆಕ್ರೆಟರಿ ಬೈತಾರ್ರಿ."

ಕಾಕಾ ಕೆಮ್ಮು ಬರುವವರೆಗೆ ನಕ್ಕರು. "ಎಮ್ಮಿ ಹಾಲಿಗೆ ಹಾಕಿದ್ದ ಸಾಲಲಿಲ್ಲಂತ ನನ್ನ ಇಮಾನಕ್ಕೂ ಕತ್ರಿ ಹಾಕಿದೇನವಾ!"

ಎಲ್ಲ ಒರೆಸಿ ಮೊದಲಿನಿಂದ ಓದಿದೆವು. ನಡುವೆ ಇದ್ದರೆ ನಡುವೆ ಎಂದೇ ಹೇಳಿದೆ. ಎಂಟು ದಿನದಲ್ಲಿ ಬೇಗ ಏರುವ ವೇಗ ಅರವತ್ತೈದು ಎಂದು ಗೊತ್ತಾಯಿತು. ವಿಮಾನ ಗುಡ್ಡ ದಾಟಿತು, ಚಕ್ರ ಕಲ್ಲಿಗೆ ತಾಕಿತೋ ಎನ್ನುವಷ್ಟು ಹತ್ತಿರದಿಂದ. ನಾನು ಚಪ್ಪಾಳೆ ತಟ್ಟಿದೆ. ಆಚೆ ಏನೂ ಇರಲಿಲ್ಲ. ಹಸಿರು ಬಳಿದ ಬಯಲು, ಮನೆಯಿಲ್ಲ, ಮರವಿಲ್ಲ. ಕಾಕಾ ಸ್ವಲ್ಪ ಹೊತ್ತು ಹಾರಿಸಿದರು.

"ಬಂದ್ ಮಾಡ ಬಾಯಿ," ಎಂದರು.

ಮತ್ತೆ ಅದನ್ನು ಹಚ್ಚು ಎನ್ನಲಿಲ್ಲ. ನಾನಾಗಿ ಹಚ್ಚಿದರೆ ಗೋಡೆಯ ಕಡೆ ಮುಖ ಮಾಡಿದರು. ಊಟ ಅರ್ಧಕ್ಕೆ ಇಳಿಯಿತು. ಎರಡು ತಿಂಗಳಿಗೆ ತೀರಿಕೊಂಡರು.

ಡಾಕ್ಟರು ಕಿಡ್ನಿ ಎಂದರು. ಇದ್ದೀತು. ನಾನು ಕೆಳಗಿನ ಗೆರೆಯನ್ನೇ ಓದುತ್ತಿದ್ದರೆ ಇನ್ನಷ್ಟು ದಿನ ಹುಡುಕುತ್ತ ಇರುತ್ತಿದ್ದರೇನೋ... ಈ ವಯಸ್ಸಿನಲ್ಲೂ ನನಗೆ ತಿಳಿದಿಲ್ಲ. ಕೇಳೋಣವೆಂದರೆ ಅವರಿಲ್ಲ.

ಅವರು ಹೋದ ಮರುದಿನ ಮುಂಜಾನೆ ನಾನು ಸೊಸೈಟಿಗೆ ಹೋಗಲಿಲ್ಲ. ಸೆಕ್ರೆಟರಿ ಕರೆಯಲು ಆಳು ಕಳಿಸಿದರು. ಏಳಲಿಲ್ಲ. ಬಿಸಿಲು ಮೈಮೇಲೆ ಬರುವವರೆಗೆ ಮಲಗಿಯೇ ಇದ್ದೆ.